ಯಿಷಿಂಗ್ ಬಗೆಯ ಟೀಪಾಟ್ ಚಕ್ರವಿಲ್ಲದೆ ಕಟ್ಟುವುದು: ಮಣ್ಣು, ಮೂತಿ, ಮುಚ್ಚಳದ ಪ್ರಶ್ನೆಗಳು

ಕೆಮ್ಮಣ್ಣು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚೀನಾದ ಯಿಷಿಂಗ್ ಪಾಟ್‌ಗಳ ಹಾಗೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ, ತಟ್ಟಿ ಕಟ್ಟಿದ ಒಂದು ಟೀಪಾಟ್ ಮಾಡಬೇಕು. ಹೊಟ್ಟೆ 9 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರ, ಸ್ವಲ್ಪ ಚಪ್ಪಟೆ ಗುಂಡು. ಹಿಡಿ ಮತ್ತು ಮೂತಿ ಮರದ ಕೊಂಬೆಯ ಹಾಗೆ ಕಾಣಬೇಕು. ಇದು ಗಾಜಿನ ಕಪಾಟಿನಲ್ಲಿ ಇಡುವ ವಸ್ತು, ದಿನಾ ಚಹಾ ಮಾಡಲು ಅಲ್ಲ. ಇರುವುದು 1250 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುವ ಎಲೆಕ್ಟ್ರಿಕ್ ಭಟ್ಟಿ.

ಕೇಳಬೇಕಾದ್ದು ಇಷ್ಟು. ಯಿಷಿಂಗಿನವರು ಬಳಸುವ ಝೀಶಾ ಮಣ್ಣು ಸಿಗದಿದ್ದರೆ ಬದಲಿಗೆ ಏನು ಬಳಸಬಹುದು? ಚಕ್ರದ ಮೇಲೆ ಹತ್ತು ನಿಮಿಷದಲ್ಲಿ ಬರುವ ಆಕಾರವನ್ನು ತಟ್ಟಿ ಕಟ್ಟುವುದರಿಂದ ನಿಜವಾಗಿ ಏನು ಸಿಗುತ್ತದೆ? ಹಸಿಯಲ್ಲಿ ಸರಿಯಾಗಿ ಕೂರುವ ಮುಚ್ಚಳ ಸುಟ್ಟ ಮೇಲೆ ಅಲುಗಾಡುತ್ತದೆ, ಹಿಡಿಯ ಮೇಲ್ಗಡೆಯ ಬೆಸುಗೆ ಒಣಗುವಾಗಲೇ ಸೀಳುತ್ತದೆ. ಇವೆರಡಕ್ಕೂ ಕಾರಣ ಏನು? ಕೊನೆಯದಾಗಿ, ಕಪಾಟಿನಲ್ಲಿಡುವ ಪಾಟ್ ನೀರನ್ನು ಚೆನ್ನಾಗಿ ಸುರಿಯಲೇಬೇಕೆ?

ಗೂಡುಮನೆ

ಮೊದಲು ಮಣ್ಣಿನ ವಿಷಯ. ಝೀಶಾ ಎಂದರೆ ನಾವು ಹೊಲದಿಂದ, ಕೆರೆಯಿಂದ ತರುವ ಜೇಡಿಯಲ್ಲ. ಜಿಯಾಂಗ್ಸು ಪ್ರಾಂತ್ಯದಲ್ಲಿ, ಯಿಷಿಂಗ್ ಬಳಿಯ ಡಿಂಗ್‌ಶು ಪಟ್ಟಣದ ಹ್ವಾಂಗ್‌ಲೊಂಗ್ ಬೆಟ್ಟದಿಂದ ಕಲ್ಲಿನ ರೂಪದಲ್ಲೇ ಅಗೆದು ತೆಗೆಯುತ್ತಿದ್ದ ಅದಿರು ಅದು. ಬಿಸಿಲು ಮಳೆಗೆ ಬಿಟ್ಟು ತಾನಾಗಿ ಪುಡಿಯಾಗಲು ಕಾಯುತ್ತಾರೆ. ಆಮೇಲೆ ಬೀಸಿ, ಜರಡಿ ಹಿಡಿದು, ನೀರು ಕಲಸಿ, ಕೊಡತಿಯಿಂದ ಬಡಿದು, ತೇವದಲ್ಲೇ ಬಹುಕಾಲ ಇಡುತ್ತಾರೆ. ಸ್ಫಟಿಕ ಶಿಲೆ, ಅಭ್ರಕ, ಕಬ್ಬಿಣದ ಆಕ್ಸೈಡ್ ಎಲ್ಲ ಅದರೊಳಗೇ ಇರುತ್ತವೆ. ಅದಕ್ಕೇ ಒಂದೇ ಮಣ್ಣಿನಿಂದ, ಬೇರೆ ಏನೂ ಬೆರೆಸದೆ, ಪಾಟ್ ಕಟ್ಟಲು ಬರುತ್ತದೆ. ನೇರಳೆಗಂದು ಬಣ್ಣದ್ದು ಝೀನಿ, ತೆಳು ಹಳದಿಗೆ ತಿರುಗುವುದು ದುವಾನ್‌ನಿ, ಕಿತ್ತಳೆಗೆಂಪಿನದು ಝುನಿ. ಝುನಿ ಬಹಳ ಕುಗ್ಗುತ್ತದೆ, ಆದ್ದರಿಂದ ಅದರಲ್ಲಿ ಮಾಡಿದ್ದು ಹೆಚ್ಚಾಗಿ ಚಿಕ್ಕ ಪಾಟ್‌ಗಳೇ.

ಇಲ್ಲಿ ಅದನ್ನು ಹಾಗೇ ತರಲು ಹೋಗಬೇಡಿ. ಆನ್‌ಲೈನಿನಲ್ಲಿ ಝೀಶಾ ಹೆಸರಿನಲ್ಲಿ ಸಿಗುವ ಎಷ್ಟೋ ಮಣ್ಣು ಸಾಮಾನ್ಯ ಮಣ್ಣಿಗೆ ಕಬ್ಬಿಣದ ಆಕ್ಸೈಡ್, ಮ್ಯಾಂಗನೀಸ್ ಬೆರೆಸಿದ್ದು. ಕಪಾಟಿನ ಪಾಟ್‌ಗೆ ಬೇಕಾದ ಗುಣಗಳು ಎರಡೇ: ತಟ್ಟಿದರೆ ಹಲಗೆಗೆ ಅಂಟಬಾರದು, ತೆಳುವಾಗಿದ್ದರೂ ಕುಸಿಯದೆ ನಿಲ್ಲಬೇಕು. ಸ್ಟುಡಿಯೋ ಸ್ಟೋನ್‌ವೇರ್ ಮಣ್ಣು (ಹೆಚ್ಚು ಶಾಖದಲ್ಲಿ ಸುಡುವುದು) 65 ಭಾಗ, ಕುಂಬಾರರ ಕೆಂಪು ಮಣ್ಣು 20 ಭಾಗ, 60ರಿಂದ 80 ಮೆಷ್‌ನ (ಜರಡಿಯ ಕಣ್ಣಿನ ಅಳತೆ) ಸಣ್ಣ ಗ್ರಾಗ್, ಅಂದರೆ ಸುಟ್ಟ ಮಣ್ಣಿನ ಪುಡಿ, 15 ಭಾಗ, ಎಲ್ಲವನ್ನೂ ಒಣತೂಕದಲ್ಲಿ ತೆಗೆದುಕೊಂಡು ಶುರು ಮಾಡಿ. ಕೆಂಪು ಮಣ್ಣು ಬಣ್ಣ ಕೊಡುತ್ತದೆ, ಕಡಿಮೆ ಶಾಖದಲ್ಲೇ ಗಟ್ಟಿಯಾಗಿಸುತ್ತದೆ. ಅದು ಹೆಚ್ಚಾದರೆ ಮೈಮೇಲೆ ಗುಳ್ಳೆ ಏಳುತ್ತವೆ, ಕೊಂಬೆಯಂಥ ಹಿಡಿ ಜೋತುಬೀಳುತ್ತದೆ. ಒಂದು ಊರಿನ ಕೆಂಪು ಮಣ್ಣಿನಂತೆ ಇನ್ನೊಂದು ಊರಿನದು ಇರುವುದಿಲ್ಲ. ಹಾಗಾಗಿ 10 ಸೆಂ.ಮೀ. ಗೆರೆ ಎಳೆದ ಪಟ್ಟಿಗಳನ್ನು 1120, 1150, 1180 ಡಿಗ್ರಿಗಳಲ್ಲಿ ಸುಟ್ಟು ನೋಡಿ. ಗೆರೆ 8.8 ಸೆಂ.ಮೀ.ಗೆ ಬಂದರೆ ಕುಗ್ಗುವಿಕೆ ಶೇ. 12. ಪಟ್ಟಿಯ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು, ನಡುವೆ ಖಾಲಿ ಬಿಟ್ಟು ಸುಟ್ಟರೆ ಯಾವ ಶಾಖದಲ್ಲಿ ಬಾಗುತ್ತದೆ ಎಂಬುದೂ ಅದರಲ್ಲೇ ತಿಳಿಯುತ್ತದೆ.

ಇನ್ನು ಕಟ್ಟುವುದು. ಸುಟ್ಟ ಮೇಲೆ 9 ಸೆಂ.ಮೀ. ಬೇಕಾದರೆ ಹಸಿಯಲ್ಲಿ 9 ಭಾಗಿಸು 0.88, ಅಂದರೆ 10.2 ಸೆಂ.ಮೀ. ಇರಬೇಕು. ಹೊಟ್ಟೆಯಾಗಿ ಸುತ್ತುವ ಮಣ್ಣಿನ ಪಟ್ಟಿಯ ಉದ್ದ ಅದರ 3.14 ಪಟ್ಟು, 32 ಸೆಂ.ಮೀ., ಬೆಸುಗೆಗೆ ಇನ್ನೊಂದು ಅರ್ಧ ಸೆಂ.ಮೀ. ಪಟ್ಟಿಯ ಅಗಲಕ್ಕೆ ಪಾಟ್‌ನ ಎತ್ತರವನ್ನು ಲೆಕ್ಕ ಹಿಡಿಯಬಾರದು. ಅಡ್ಡನೋಟವನ್ನು ಹಸಿ ಅಳತೆಯಲ್ಲಿ ಕಾಗದದ ಮೇಲೆ ಬರೆದು, ತಳದ ಬಿಲ್ಲೆಯ (ದುಂಡಗೆ ಕತ್ತರಿಸಿದ ಮಣ್ಣಿನ ಹಾಳೆ) ಅಂಚಿನಿಂದ ಬಾಯಿಯ ಬಿಲ್ಲೆಯ ಅಂಚಿನವರೆಗೆ ಬಾಗಿನ ಮೇಲೆ ದಾರ ಇಟ್ಟು ಅಳೆಯಿರಿ. ಮಣ್ಣನ್ನು ಉರುಳುಗೋಲಿನಿಂದ ಲಟ್ಟಿಸದೆ, ಮರದ ಕೊಡತಿಯಿಂದ ಬಡಿದು 3.5 ಮಿ.ಮೀ. ದಪ್ಪಕ್ಕೆ ತನ್ನಿ. ಲಟ್ಟಿಸಿದ ಹಾಳೆ ಒಂದೇ ದಿಕ್ಕಿಗೆ ಎಳೆದಿರುತ್ತದೆ, ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗದೆ ಬಿಲ್ಲೆ ಮೊಟ್ಟೆಯಾಕಾರವಾಗುತ್ತದೆ. ನಿಮ್ಮ ಮುಚ್ಚಳ ಅಲುಗಾಡುವುದಕ್ಕೆ ಒಂದು ಕಾರಣ ಇಲ್ಲೇ ಇರಬಹುದು.

ಪಟ್ಟಿಯ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ, ಅದೇ ಮಣ್ಣಿನ ಮೆತ್ತನೆ ಪೇಸ್ಟ್ ಹಚ್ಚಿ, ಟರ್ನ್‌ಟೇಬಲ್ ಮೇಲೆ ಕೊಳವೆಯಾಗಿ ನಿಲ್ಲಿಸಿ. ಎಡಗೈಯ ಬೆರಳು ಒಳಗೆ, ಬಲಗೈಯಲ್ಲಿ ಚಪ್ಪಟೆ ಹಲಗೆ ಹೊರಗೆ. ಬೆರಳಿರುವ ಜಾಗಕ್ಕಿಂತ ತುಸು ಮೇಲೆ ಹಲಗೆ ಬೀಳಬೇಕು, ಪ್ರತಿ ಏಟಿಗೂ ಟೇಬಲ್ ಸ್ವಲ್ಪ ತಿರುಗಬೇಕು. ಮೇಲಿನ ಅಂಚು ಒಳಕ್ಕೆ ಬರುತ್ತಾ ಬರುತ್ತಾ ಕಿರಿದಾಗುತ್ತದೆ. ಅವಸರಪಟ್ಟರೆ ಅಂಚು ನೆರಿಗೆ ಬೀಳುತ್ತದೆ. ನೆರಿಗೆ ಬಿದ್ದರೆ ಪೇಸ್ಟ್ ಮೆತ್ತಿ ಮುಚ್ಚಬೇಡಿ, ಒಣಗಿದ ಮೇಲೆ ಅದೇ ಜಾಗದಲ್ಲಿ ಸೀಳು ಬರುತ್ತದೆ. ಕೊಳವೆಯನ್ನೇ ಬಿಚ್ಚಿ ಹೊಸದಾಗಿ ಶುರು ಮಾಡುವುದು ಒಳ್ಳೆಯದು. ಕಿರಿದಾದ ಆ ತೆರಪನ್ನು ಬಿಲ್ಲೆಯಿಂದ ಮುಚ್ಚಿ, ತಿರುವಿಹಾಕಿ, ಇನ್ನೊಂದು ಬದಿಯನ್ನೂ ಹೀಗೇ ತಟ್ಟಿ ಮುಚ್ಚಿ. ಈಗ ಪಾಟ್ ಪೂರ್ತಿ ಮುಚ್ಚಿದ ಗುಂಡು. ಒಳಗೆ ಸಿಕ್ಕ ಗಾಳಿ ಗೋಡೆಯನ್ನು ಒಳಗಿನಿಂದ ತಳ್ಳಿ ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ಹಲಗೆಯಿಂದ ಆಕಾರ ತಿದ್ದಿದರೆ ಮೈ ಬಿಗಿಯಾಗಿ, ತುಂಬಿಕೊಂಡು ಬರುತ್ತದೆ. ಚಕ್ರದಲ್ಲಿ ಸಿಗದ್ದು ಇದೇ. ಅಲ್ಲಿ ನೀರು ಹಚ್ಚಿ ಎತ್ತಿದ ಗೋಡೆಯ ಮೇಲೆ ಸಣ್ಣ ಕಣಗಳು ಕೊಚ್ಚಿಹೋಗಿ ಮೈ ತರಿಯಾಗುತ್ತದೆ, ಇಲ್ಲಿ ಏಟಿಗೆ ಕಣಗಳು ಒತ್ತಿ ಕೂರುತ್ತವೆ. ಗ್ಲೇಜ್ ಇಲ್ಲದ ಪಾಟ್‌ಗೆ ಆ ಮೈಯೇ ಅಲಂಕಾರ.

ಕೊನೆಯ ಹದಕ್ಕೆ ಯಿಷಿಂಗಿನವರು ನೀರಿನಲ್ಲಿ ನೆನೆಸಿದ ಎತ್ತಿನ ಕೊಂಬಿನ ತೆಳು ಪಟ್ಟಿಯನ್ನು ಬಳಸುತ್ತಾರೆ, ಅದನ್ನು ಮಿಂಗ್‌ಝೆನ್ ಎನ್ನುತ್ತಾರೆ. ಹಳೆಯ ಎಕ್ಸ್‌ರೇ ಫಿಲ್ಮನ್ನು ತೊಳೆದು, 3 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಮೂಲೆಗಳನ್ನು ದುಂಡಾಗಿಸಿದರೆ ಅದೇ ಕೆಲಸ ಮಾಡುತ್ತದೆ. ಮಣ್ಣು ಬಣ್ಣ ತಿಳಿಯಾಗುವ ಮುಂಚೆ ಮುಗಿಸಬೇಕು. ತಡವಾದರೆ ಉಜ್ಜಿದಲ್ಲೆಲ್ಲ ಹೊಳೆಯುವ ಗೀರು ಉಳಿಯುತ್ತದೆ, ಸುಟ್ಟರೂ ಹೋಗುವುದಿಲ್ಲ.

ನೀರಧಾರೆ

ಗೂಡುಮನೆಯವರು ಹೊಟ್ಟೆಯದು ಹೇಳಿದ್ದಾರೆ. ಉಳಿದ ಭಾಗಗಳನ್ನು ನಾನು ಹೇಳುತ್ತೇನೆ.

ಮುಚ್ಚಳ: ಬಾಯಿಯನ್ನು ಮೊದಲೇ ಕತ್ತರಿಸಬೇಡಿ. ಯಿಷಿಂಗಿನಲ್ಲಿ ಕಂಠ, ಪಾದ, ಮೂತಿ, ಹಿಡಿ ಎಲ್ಲ ಕೂಡಿಸಿದ ಮೇಲೆ ಬಾಯಿ ತೆರೆಯುತ್ತಾರೆ, ಅಲ್ಲಿಯವರೆಗೆ ಮೇಲಿನ ಬಿಲ್ಲೆ ವೃತ್ತವನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೊದಲೇ ತೆರೆದರೆ ಹಿಡಿ ಅಂಟಿಸುವಾಗ ಒತ್ತಡಕ್ಕೆ ಬಾಯಿ ಅಂಡಾಕಾರವಾಗುತ್ತದೆ. ಮುಚ್ಚಳವನ್ನು ಅದೇ ದಿನ, ಅದೇ ಮುದ್ದೆಯಿಂದ, ಅಷ್ಟೇ ದಪ್ಪಕ್ಕೆ ಮಾಡಿ. ಒಳಕ್ಕೆ ಇಳಿಯುವ ಕಟ್ಟು 8ರಿಂದ 10 ಮಿ.ಮೀ. ಇರಲಿ, ಸುರಿಯುವಾಗ ಮುಚ್ಚಳ ಬೀಳದೆ ಇರುವುದು ಅದರಿಂದಲೇ. ಹಸಿಯಲ್ಲಿ ಸುತ್ತಲೂ ಅರ್ಧ ಮಿ.ಮೀ. ಸಡಿಲ ಸಾಕು. ಒಣಗಿಸುವುದೂ ಸುಡುವುದೂ ಪಾಟ್ ಮೇಲೆ ಕೂರಿಸಿಯೇ. ನಡುವೆ ಅಲ್ಯುಮಿನಾ ಪುಡಿಯನ್ನು ನೀರಿನಲ್ಲಿ ಕಲಸಿ ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿದರೆ ಅಂಟಿಕೊಳ್ಳುವುದಿಲ್ಲ. ಬೇರೆ ಬೇರೆ ಸುಟ್ಟರೆ ಎರಡೂ ತಮ್ಮ ಪಾಡಿಗೆ ಬಾಗುತ್ತವೆ, ಆಮೇಲೆ ಕೂಡುವುದೇ ಇಲ್ಲ. ಸುಟ್ಟ ಮೇಲೆ 400 ಮೆಷ್ ಸಿಲಿಕಾನ್ ಕಾರ್ಬೈಡ್ ಪುಡಿಗೆ ನೀರು ಬೆರೆಸಿ, ಕಟ್ಟಿಗೆ ಹಚ್ಚಿ, ಮುಚ್ಚಳವನ್ನು ಎರಡೂ ಕಡೆಗೆ ತಿರುಗಿಸುತ್ತಾ ತೇಯಿರಿ. ಕರಕರ ಸದ್ದು ನಿಂತಾಗ ತೊಳೆದು ನೋಡಿ.

ಹಿಡಿ: ಸೀಳುವುದಕ್ಕೆ ಕಾರಣ ಬೆಸುಗೆಯ ದೌರ್ಬಲ್ಯಕ್ಕಿಂತ ಒಣಗುವ ವೇಗ. ಹಿಡಿ ತೆಳು, ಎಲ್ಲ ಕಡೆಯಿಂದಲೂ ಗಾಳಿ ತಾಗುತ್ತದೆ. ಹೊಟ್ಟೆ ಇನ್ನೂ ಹಸಿ ಇರುವಾಗಲೇ ಅದು ಕುಗ್ಗುತ್ತದೆ, ಎರಡು ತುದಿಯೂ ಬಿಗಿದಿರುವುದರಿಂದ ಎಲ್ಲಿ ಬಡವೋ ಅಲ್ಲಿ ಹರಿಯುತ್ತದೆ. ಹಿಡಿಯನ್ನು ಮಾಡಿದ ಕೂಡಲೇ ಅಂಟಿಸಬೇಡಿ. ಬಗ್ಗಿಸಿ, ಹೊಟ್ಟೆಯ ಹದಕ್ಕೇ ಬರುವವರೆಗೆ ಕಾದು, ಎರಡೂ ಕಡೆ ಗೀರು ಹಾಕಿ, ಪೇಸ್ಟ್ ಹಚ್ಚಿ ಒತ್ತಿ. ಆಮೇಲೆ ಹಿಡಿಗೂ ಮೂತಿಯ ತುದಿಗೂ ತೆಳು ಪ್ಲಾಸ್ಟಿಕ್ ಸುತ್ತಿ, ಹೊಟ್ಟೆಯನ್ನು ಬಿಟ್ಟುಬಿಡಿ. ಮೂರನೇ ದಿನ ಪ್ಲಾಸ್ಟಿಕ್ ಸಡಿಲಿಸಿ, ಒಟ್ಟು ಒಂದು ವಾರ ಕೊಡಿ. ಮಲೆನಾಡಿನ ಮಳೆಗಾಲದಲ್ಲಿ ಹತ್ತು ದಿನವಾದರೂ ಬೇಕು.

ಮೂತಿ: ಓರೆಯಾಗಿ ಕತ್ತರಿಸಿದ ಪಟ್ಟಿಯನ್ನು ಚೂಪಾದ ಬಿದಿರುಕಡ್ಡಿಗೆ ಸುತ್ತಿ ಬೆಸೆಯಿರಿ, ಕಡ್ಡಿ ತೆಗೆದು ಬಗ್ಗಿಸಿ. ಒಳಗಿನ ದಾರಿ ಬುಡದಲ್ಲಿ 16ರಿಂದ 18 ಮಿ.ಮೀ., ತುದಿಯಲ್ಲಿ 8 ಮಿ.ಮೀ. ಇದ್ದು ಒಂದೇ ಸಮನೆ ಕಿರಿದಾಗುತ್ತಾ ಹೋಗಬೇಕು. ನಮ್ಮ ಹಿತ್ತಾಳೆ ಗಿಂಡಿಯ ಮೂತಿಯಂತೆ ಬುಡ ದಪ್ಪ, ತುದಿ ಸಣ್ಣ. ನಡುವೆ ಎಲ್ಲಾದರೂ ಉಬ್ಬಿದರೆ ಧಾರೆ ಒಡೆದು ಸಿಡಿಯುತ್ತದೆ.

ತುದಿಯ ಕೆಳತುಟಿ ತೆಳುವಾಗಿ, ಚೂಪಾಗಿ ಇರಬೇಕು. ನೀರು ಮೂತಿಯ ಕೆಳಗೆ ಹರಿದು ಹೊಟ್ಟೆಗೆ ಇಳಿಯುವುದನ್ನು ಬರೀ ನೀರಿನ ಅಂಟು ಎಂದುಕೊಳ್ಳುತ್ತೇವೆ. ಮುಖ್ಯ ಕಾರಣ ಬೇರೆ ಎಂದು ಗಣಿತಜ್ಞ ಜೋಸೆಫ್ ಕೆಲ್ಲರ್ 1957ರಲ್ಲಿ ತೋರಿಸಿದರು: ತುಟಿಯನ್ನು ಸುತ್ತಿ ಬಾಗುವ ನೀರು ಅಲ್ಲಿ ವೇಗ ಪಡೆಯುತ್ತದೆ, ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಅದನ್ನು ತುಟಿಗೆ ತಳ್ಳಿ ಹಿಡಿಯುತ್ತದೆ. ತುಟಿ ದುಂಡಾದಷ್ಟೂ ನೀರು ಬಾಗಲು ಸಲೀಸು. ಚೂಪಾದ ಅಂಚನ್ನು ಸುತ್ತಲಾರದೆ ಅದು ಬಿಟ್ಟುಹೋಗುತ್ತದೆ. ಗ್ಲೇಜ್ ಹಾಕಿದ ಪಾಟ್‌ಗಳು ಹೆಚ್ಚು ತೊಟ್ಟಿಕ್ಕುವುದೂ ಇದಕ್ಕೇ, ಗ್ಲೇಜ್ ಅಂಚನ್ನು ದುಂಡಾಗಿಸುತ್ತದೆ.

ಮೂತಿಯ ಬುಡದಲ್ಲಿ ಸೋಸುವ ರಂಧ್ರಗಳನ್ನು ಎಲ್ಲರೂ ಕಡಿಮೆ ಮಾಡುತ್ತಾರೆ. ಲೆಕ್ಕ ಹಾಕಿ: ತುದಿಯ ದಾರಿ 8 ಮಿ.ಮೀ. ಎಂದರೆ ಸುಮಾರು 50 ಚದರ ಮಿ.ಮೀ. ಹಸಿಯಲ್ಲಿ 3 ಮಿ.ಮೀ. ಕೊರೆದ ರಂಧ್ರ ಸುಟ್ಟ ಮೇಲೆ 2.6 ಮಿ.ಮೀ.ಗೆ ಬರುತ್ತದೆ, ಸುಮಾರು 5.3 ಚದರ ಮಿ.ಮೀ. ಹತ್ತು ರಂಧ್ರಕ್ಕೆ 53, ಎಲೆ ಅಡ್ಡ ಬಂದರೆ ಮುಗಿಯಿತು. 18 ಕೊರೆಯಿರಿ. ಕೊರೆದಾಗ ಒಳಗೆ ಏಳುವ ಮಣ್ಣಿನ ಮುಳ್ಳುಗಳನ್ನು ಹಸಿಯಲ್ಲಿ ಮುಟ್ಟದೆ, ಒಣಗಿದ ಮೇಲೆ ಬೆರಳಿನಿಂದ ಉದುರಿಸಿ.

ಮೂತಿಯ ತುದಿ ಬಾಯಿಯ ಅಂಚಿಗಿಂತ ಕೆಳಗಿದ್ದರೆ ಪಾಟ್ ತುಂಬುವುದೇ ಇಲ್ಲ, ಅಲ್ಲಿಂದಲೇ ಚೆಲ್ಲುತ್ತದೆ. ಸುಡುವಾಗ ಮೂತಿ ಸ್ವಲ್ಪ ಇಳಿಯುತ್ತದೆ. ಹಸಿಯಲ್ಲಿ 3 ಮಿ.ಮೀ. ಮೇಲೇ ಇಟ್ಟಿರಿ.

ಹಳೆಮುದ್ರೆ

ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಹೌದು, ಸುರಿಯಲೇಬೇಕು. ಯಿಷಿಂಗ್ ಪಾಟ್ ಕಲೆ ಎನಿಸಿಕೊಂಡದ್ದು ಬಳಕೆಯನ್ನು ಬಿಟ್ಟುಕೊಟ್ಟಲ್ಲ, ಅದನ್ನು ಇಟ್ಟುಕೊಂಡೇ.

ಅದರ ಮೊದಲ ಕುಶಲಕರ್ಮಿಯೆಂದು ಹೇಳುವ ಗೊಂಗ್ ಚುನ್, ಮಿಂಗ್ ಕಾಲದ ಝೆಂಗ್‌ಡೆ ಅರಸನ ಆಳ್ವಿಕೆಯಲ್ಲಿ (1505–1521) ದೇವಾಲಯವೊಂದರ ಸನ್ಯಾಸಿಯಿಂದ ಕಲಿತು ಮರದ ಗಂಟಿನಾಕಾರದ ಪಾಟ್ ಮಾಡಿದ ಎಂಬುದು ಪ್ರತೀತಿ. ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅವನ ಹೆಸರಿನ ಪಾಟ್ ಇದೆ, ಅದು ಅವನದೇ ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಮುಂದೆ ಶಿ ದಾಬಿನ್, ಆಮೇಲೆ ಚಿಂಗ್ ಕಾಲದಲ್ಲಿ ಚೆನ್ ಮಿಂಗ್ಯುವಾನ್. ನೀವು ಮಾಡಹೊರಟ ಕೊಂಬೆಯ ಹಿಡಿಗೆ ಈ ಚೆನ್ ಮಿಂಗ್ಯುವಾನ್ ಅವರ ಕೆಲಸದ ಚಿತ್ರಗಳನ್ನೇ ನೋಡಬೇಕು. ಹಣ್ಣು, ಕಾಯಿ, ಬೀಜ, ಮರದ ತೊಗಟೆಯನ್ನು ಮಣ್ಣಿನಲ್ಲಿ ತಂದವರಲ್ಲಿ ಅವರದು ಮೇಲಿನ ಹೆಸರು. ಗಂಟು, ಒಣಗಿದ ಸೀಳು, ಕತ್ತರಿಸಿದ ಕೊಂಬೆಯ ಗುರುತು ಎಲ್ಲ ಇದ್ದರೂ ಹಿಡಿ ಎಲ್ಲಿ ಬಾಗಬೇಕೋ ಅಲ್ಲೇ ಬಾಗಿರುತ್ತದೆ.

ಯಿಷಿಂಗಿನವರು ಪಾಟ್‌ಗಳನ್ನು ಮೂರು ಬಗೆ ಮಾಡುತ್ತಾರೆ: ಗೆರೆ ಮತ್ತು ಆಕಾರವನ್ನೇ ನಂಬಿದ ನುಣುಪು ಪಾಟ್, ಗಿಡಬಳ್ಳಿ ಹಣ್ಣುಗಳ ಪಾಟ್, ಹೂವಿನ ದಳಗಳಂತೆ ಎಸಳೆಸಳಾಗಿ ಸೀಳಿದ ಪಾಟ್. ಮೂರನೆಯದರಲ್ಲಿ ಮುಚ್ಚಳವನ್ನು ಹೇಗೆ ತಿರುಗಿಸಿ ಇಟ್ಟರೂ ಎಸಳುಗಳು ಹೊಟ್ಟೆಯ ಎಸಳುಗಳಿಗೆ ಸೇರಬೇಕು. ಆದರೆ ಕಣ್ಣಿಗೆ ಅತಿ ಕಷ್ಟ ಕೊಡುವುದು ಮೊದಲನೆಯದೇ, ಅಲ್ಲಿ ತಪ್ಪನ್ನು ಮುಚ್ಚಲು ಎಲೆಯೂ ಇಲ್ಲ ಗಂಟೂ ಇಲ್ಲ.

ಚೆನ್ ಮಾನ್‌ಶೆಂಗ್ (1768–1822) ಹತ್ತಿರದ ಲಿಯಾಂಗ್‌ನಲ್ಲಿ ಅಧಿಕಾರಿಯಾಗಿದ್ದವರು, ಮುದ್ರೆ ಕೆತ್ತುವ ಕಲಾವಿದರೂ ಹೌದು. ಅವರು ಆಕಾರಗಳನ್ನು ಯೋಚಿಸಿ, ಯಾಂಗ್ ಪೆಂಗ್ನಿಯನ್ ಕಟ್ಟಿದ ಪಾಟ್‌ಗಳ ಮೈಮೇಲೆ ಬರಹದ ಸಾಲುಗಳನ್ನು ಕೊರೆಸಿದರು. ಅಲ್ಲಿಂದ ಪಾಟ್‌ಗೆ ಬರಹ, ಚಿತ್ರ, ಮುದ್ರೆ ಮೂರೂ ಅಂಟಿಕೊಂಡವು. ಬಾವಿಯ ಕಟ್ಟೆಯಾಕಾರದ ಪಾಟ್, ಮೂರು ಕಾಲಿನ ಶಿಪಿಯಾವ್ ಪಾಟ್ ಆ ಗುಂಪಿನಲ್ಲಿ ಬಂದವು. 20ನೇ ಶತಮಾನದಲ್ಲಿ ಗು ಜಿಂಗ್‌ಝೋ (1915–1996) 1948ರಲ್ಲಿ ಕಟ್ಟಿದ ಒಂದು ಶಿಪಿಯಾವ್ ಮೇಲೆ ಚಿತ್ರಕಾರ ವು ಹುಫಾನ್ ಬಿದಿರು ಬರೆದರು. ಅದು 2010ರಲ್ಲಿ ಬೀಜಿಂಗಿನ ಹರಾಜಿನಲ್ಲಿ 1 ಕೋಟಿ 23 ಲಕ್ಷ ಯುವಾನ್‌ಗೆ ಹೋಯಿತು. ಆ ಪಾಟ್‌ನಲ್ಲಿ ಹೊಟ್ಟೆಯ ಇಳಿಜಾರು ಗೆರೆ ಮೂತಿಯಲ್ಲಿ ಮುಂದುವರಿಯುತ್ತದೆ, ಹಿಡಿಯೊಳಗಿನ ಖಾಲಿ ಜಾಗವೂ ಹೊಟ್ಟೆಯ ಹಾಗೇ ತ್ರಿಕೋನ. ಬಿದಿರಿನ ಚಿತ್ರವನ್ನು ಅಳಿಸಿದರೂ ಪಾಟ್ ನಿಲ್ಲುತ್ತದೆ.

ಅಮೆರಿಕದ ರಿಚರ್ಡ್ ನಾಟ್ಕಿನ್ 1980ರ ದಶಕದಲ್ಲಿ ಯಿಷಿಂಗ್ ಸರಣಿಯೆಂದೇ ಹೆಸರಿಟ್ಟು, ಅಣುಸ್ಥಾವರದ ಕೂಲಿಂಗ್ ಟವರ್, ಮನುಷ್ಯನ ಹೃದಯದ ಆಕಾರದಲ್ಲಿ ಪಾಟ್‌ಗಳನ್ನು ಮಾಡಿದರು. ಯುದ್ಧ, ಪರಿಸರ ಕುರಿತ ಮಾತು ಅವು. ಅವುಗಳನ್ನು ಯಾರೂ ಚಹಾಕ್ಕೆಂದು ಕೊಳ್ಳುವುದಿಲ್ಲ, ಆದರೂ ಮೂತಿ, ಹಿಡಿ, ಮುಚ್ಚಳ ಮೂರನ್ನೂ ಅವರು ಬಿಡಲಿಲ್ಲ. ಇವು ಇರುವುದರಿಂದಲೇ ಆ ಟವರ್ ನೋಡಿದ ಕೂಡಲೇ ಸುರಿದು ಕುಡಿಯುವ ಕೈ ನೆನಪಾಗಿ ಎದೆ ಝಲ್ ಎನ್ನುತ್ತದೆ.

ನೀರಧಾರೆಯವರ 18 ರಂಧ್ರದ ಬಗ್ಗೆ ಒಂದು ಮಾತು. ಹಳೆಯ ಯಿಷಿಂಗ್ ಪಾಟ್‌ಗಳಲ್ಲಿ ಹೆಚ್ಚಾಗಿ ಒಂದೇ ದೊಡ್ಡ ರಂಧ್ರ. ಹಳೆಯ ರೀತಿಯಲ್ಲೇ ಮಾಡುವುದಾದರೆ ಅದೇ ಸಾಕು, ಧಾರೆಯೂ ತುಂಬಿಕೊಂಡು ಬರುತ್ತದೆ.

ನೀರಧಾರೆ

ಒಂದು ರಂಧ್ರದ ಧಾರೆ ಚೆನ್ನ, ಒಪ್ಪುತ್ತೇನೆ. ಆದರೆ ಈಗಿನ ಒಡೆದ ಎಲೆಯ ಚಹಾ ಹಾಕಿದರೆ ಮೊದಲ ಲೋಟದಲ್ಲೇ ಮೂತಿ ಕಟ್ಟಿಕೊಳ್ಳುತ್ತದೆ. 9 ಸೆಂ.ಮೀ. ಪಾಟ್‌ನಲ್ಲಿ ಗೋಡೆ ಮೂತಿಯ ಬುಡದ ಹತ್ತಿರ ಬಾಗಿರುವುದರಿಂದ, ಒಂದೇ ದೊಡ್ಡ ರಂಧ್ರ ಕೊರೆದಾಗ ಆ ಜಾಗ ಒಳಕ್ಕೆ ಕುಸಿಯುವ ಅಪಾಯವೂ ಇದೆ. ಹಾಗೆ ಮಾಡುವುದೇ ಆದರೆ ಮೂತಿಯ ಬುಡಕ್ಕಿಂತ ಸುತ್ತಲೂ 4 ಮಿ.ಮೀ. ಕಿರಿದಾಗಿ ಕೊರೆಯಿರಿ.

ಕೆಮ್ಮಣ್ಣು

ಎಲ್ಲರಿಗೂ ಧನ್ಯವಾದ. ಎರಡು ಸಂದೇಹ ಉಳಿದಿವೆ. ಕೊಂಬೆಯ ತೊಗಟೆ, ಗಂಟುಗಳನ್ನು ಯಾವ ಹದದಲ್ಲಿ ಮಾಡಬೇಕು, ಮಿಂಗ್‌ಝೆನ್ ಉಜ್ಜುವ ಮುಂಚೆಯೋ ಆಮೇಲೋ? ಬಿಸ್ಕ್ (ಮೊದಲು ಕಡಿಮೆ ಶಾಖದಲ್ಲಿ ಒಮ್ಮೆ ಸುಡುವುದು) ಮಾಡದೆ ಒಂದೇ ಸಲ ಸುಡಬಹುದೇ?

ಹಳೆಮುದ್ರೆ

ಉಜ್ಜಿದ ಮೇಲೆ. ನುಣುಪು ಹೊಟ್ಟೆಯ ಪಕ್ಕದಲ್ಲಿದ್ದರೆ ಮಾತ್ರ ತೊಗಟೆ ತೊಗಟೆಯಾಗಿ ಕಾಣುತ್ತದೆ. ಕೊಂಬೆ ಹೊಟ್ಟೆಯನ್ನು ಸೇರುವ ಕಡೆ ಎಲ್ಲಿ ಹೊಟ್ಟೆ ಮುಗಿಯಿತು, ಎಲ್ಲಿ ಕೊಂಬೆ ಶುರುವಾಯಿತು ಎಂದು ತಿಳಿಯದಂತೆ ಅದೇ ಮಣ್ಣಿನ ಪೇಸ್ಟ್‌ನಿಂದ ತುಂಬಿ ಇಳಿಸಿ. ಅಂಟಿಸಿದ ಹಾಗೆ ಕಂಡರೆ ಕೆಲಸ ಕೆಟ್ಟಿತು. ಗಂಟುಗಳನ್ನು ಹಿಡಿಯ ಹೊರಮೈಗೆ, ಬೆರಳು ತಾಗದ ಕಡೆ ಇಡಿ. ಸಂಖ್ಯೆ ಮೂರಕ್ಕಿಂತ ಹೆಚ್ಚಾದರೆ ಕಣ್ಣು ಹೊಟ್ಟೆಯ ಕಡೆ ಹೋಗುವುದೇ ಇಲ್ಲ.

ಕೂಡಿಸುವಾಗ ಮೇಲಿನಿಂದ ನೋಡಿ: ಮೂತಿಯ ತುದಿ, ಮುಚ್ಚಳದ ಗುಬ್ಬಿ (ಮೇಲೆ ಹಿಡಿದೆತ್ತುವ ಗುಂಡಿ), ಹಿಡಿಯ ನಡು ಒಂದೇ ಗೆರೆಯಲ್ಲಿರಬೇಕು. ಹಿಂದೆ ಚಿಕ್ಕ ಪಾಟ್‌ಗಳನ್ನು ಬೋಗುಣಿಯ ನೀರಿನಲ್ಲಿ ತೇಲಿಸಿ, ಓರೆಯಾಗದೆ ನಿಲ್ಲುತ್ತದೆಯೇ ಎಂದು ನೋಡುತ್ತಿದ್ದರು. ಸುಟ್ಟ ಮೇಲೆ ನೀವೂ ನೋಡಬಹುದು. ಹಿಡಿಯ ಕಡೆ ವಾಲಿದರೆ ಕೊಂಬೆ ದಪ್ಪವಾಯಿತು ಎಂದರ್ಥ.

ಗೂಡುಮನೆ

ಒಂದೇ ಸಲ ಸುಡಬಹುದು, ಯಿಷಿಂಗಿನಲ್ಲೂ ಬಿಸ್ಕ್ ಇಲ್ಲ. ಗ್ಲೇಜ್ ಇಲ್ಲದ ಮೇಲೆ ಬಿಸ್ಕ್‌ನ ಅಗತ್ಯವೂ ಇಲ್ಲ. ಆದರೆ ಮೊದಲ ಭಾಗ ನಿಧಾನ: 90 ಡಿಗ್ರಿಯಲ್ಲಿ 3 ಗಂಟೆ ನಿಲ್ಲಿಸಿ, ಆಮೇಲೆ ಗಂಟೆಗೆ 80 ಡಿಗ್ರಿಯಂತೆ 650ರವರೆಗೆ. 573 ಡಿಗ್ರಿಯಲ್ಲಿ ಮಣ್ಣಿನಲ್ಲಿರುವ ಕ್ವಾರ್ಟ್ಜ್ (ಸ್ಫಟಿಕ ಶಿಲೆ) ಹಠಾತ್ತನೆ ಹಿಗ್ಗುತ್ತದೆ, ಹಿಡಿ ಮತ್ತು ಹೊಟ್ಟೆಗೆ ಆ ಶಾಖ ಒಟ್ಟಿಗೆ ತಲುಪಬೇಕು. ಅಲ್ಲಿಂದ ಗಂಟೆಗೆ 120ರಂತೆ ಮೇಲಕ್ಕೆ, ಗರಿಷ್ಠ ಶಾಖದಲ್ಲಿ 20 ನಿಮಿಷ ನಿಲ್ಲಿಸಿ. ಇಳಿಯುವಾಗ 600ರಿಂದ 500ರವರೆಗೆ ಭಟ್ಟಿಯ ಬಾಗಿಲನ್ನು ಬಿರುಕಿನಷ್ಟೂ ತೆರೆಯಬೇಡಿ.

ಗುಬ್ಬಿ ಟೊಳ್ಳಾಗಿದ್ದರೆ ಅದರಲ್ಲಿ ಗಾಳಿ ಒಳಬರುವ ರಂಧ್ರವನ್ನು ಒಳಗಿನಿಂದ ಅಗಲ, ಹೊರಗೆ 2.5 ಮಿ.ಮೀ. ಇರುವಂತೆ ಕೊರೆಯಿರಿ. ಅಲ್ಯುಮಿನಾ ಹಚ್ಚುವಾಗ ರಂಧ್ರ ಮುಚ್ಚಿಹೋಗದಂತೆ ಅದರಲ್ಲಿ ಒಂದು ಹಂಚಿಕಡ್ಡಿ ಇಟ್ಟಿರಿ, ಸುಡುವ ಮುಂಚೆ ತೆಗೆಯಿರಿ. ಮುಚ್ಚಳ ತೇಯ್ದು ಮುಗಿದಿದೆಯೇ ಎಂದು ತಿಳಿಯಲು ಪಾಟ್ ತುಂಬಿಸಿ ಸುರಿಯುತ್ತಾ ಆ ರಂಧ್ರಕ್ಕೆ ಬೆರಳಿಡಿ. ಧಾರೆ ನಿಲ್ಲಬೇಕು. ತೊಟ್ಟಿಕ್ಕುತ್ತಲೇ ಇದ್ದರೆ ಕಟ್ಟಿನಲ್ಲಿ ಇನ್ನೂ ಗಾಳಿ ನುಗ್ಗುತ್ತಿದೆ. 600 ಮೆಷ್ ಪುಡಿ ತೆಗೆದುಕೊಂಡು ಇನ್ನೊಂದು ಸುತ್ತು ತೇಯಿರಿ.